ಗಂಟೆ ಬಾರಿಸಿದರೆ ಸಾಲದು, ಏಳುವವರು ಬೇಕು



ಸಂಘದ ಕಚೇರಿಯಲ್ಲಿರುವ ಸರ್ವರ್, ಗೋದಾಮಿನ ತೂಕದ ಗಣಕಯಂತ್ರ ಹಾಗೂ ಶಾಖೆಗಳ ಇಂಟರ್ನೆಟ್ ಸಂಪರ್ಕದ ಮೇಲೆ ಹಗಲಿರುಳು ಕಣ್ಣಿಟ್ಟು, ಯಾವುದಾದರೂ ನಿಂತೊಡನೆ ಮೊಬೈಲಿಗೆ ಎಸ್‌ಎಂಎಸ್ ಸಂದೇಶ ಕಳಿಸುವ ವ್ಯವಸ್ಥೆಯೊಂದನ್ನು ಮಾಡಿಕೊಳ್ಳಬೇಕೆ ಎಂಬ ವಿಷಯ ಈಗ ಆಡಳಿತ ಮಂಡಳಿಯ ಮುಂದಿದೆ. ಮಂಡಳಿಯಲ್ಲಿ ಎರಡು ಅಭಿಪ್ರಾಯಗಳಿವೆ. ಇದು ಬೆಂಗಳೂರಿನ ದೊಡ್ಡ ಕಂಪೆನಿಗಳಿಗೆ ತಕ್ಕ ವೈಭವ, ನಮ್ಮಂಥ ಸಣ್ಣ ಸಂಘಕ್ಕೆ ಏಕೆ ಎಂದು ಕೆಲವರು ಕೇಳುತ್ತಾರೆ. ಕೂಡಲೆ ಮಾಡಿಬಿಡೋಣ, ಸಂದೇಶ ಎಲ್ಲ ನಿರ್ದೇಶಕರಿಗೂ ಎಲ್ಲ ನೌಕರರಿಗೂ ಬರಲಿ ಎಂದು ಇನ್ನು ಕೆಲವರು ಹೇಳುತ್ತಾರೆ.

ನಮ್ಮ ಅಭಿಪ್ರಾಯದಲ್ಲಿ ಈ ಎರಡೂ ಸರಿಯಲ್ಲ. ವ್ಯವಸ್ಥೆ ಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ಸಂದೇಶ ಬಂದಾಗ ಹಾಸಿಗೆಯಿಂದ ಏಳುವವರು ಯಾರು, ಎದ್ದವರ ಕೈಯಲ್ಲಿ ಯಾವ ಅಧಿಕಾರವಿದೆ, ಅವರಿಗೆ ಸಂಘ ಏನು ಕೊಡುತ್ತದೆ ಎಂಬ ಮೂರು ಮಾತುಗಳು ತೀರ್ಮಾನವಾಗದೆ ಯಂತ್ರ ಕೂರಿಸುವುದು ಸಂಘದ ಹಣವನ್ನು ಪೋಲು ಮಾಡಿದಂತೆಯೇ ಸರಿ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಬರಲಿರುವುದರಿಂದ, ಸದಸ್ಯರು ಅಷ್ಟರೊಳಗೆ ಇದನ್ನು ತಿಳಿದು ಯೋಚಿಸುವುದು ಒಳ್ಳೆಯದೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ತೋಟಕ್ಕೂ ಇದಕ್ಕೂ ಏನು ಸಂಬಂಧ?

ಸಂಘದ ಲೆಕ್ಕವೆಲ್ಲ ಖಾತೆ ಪುಸ್ತಕದಲ್ಲಿದ್ದ ಕಾಲದಲ್ಲಿ ಕರೆಂಟು ಹೋದರೆ ಲಾಟೀನು ಹಚ್ಚಿಕೊಂಡು ಬರೆಯಬಹುದಾಗಿತ್ತು. ಇಂದು ಅಡಿಕೆ ಮೂಟೆಯ ತೂಕದ ಚೀಟಿ, ಕಾಫಿಯ ದಾಸ್ತಾನು, ಗೊಬ್ಬರದ ಬಿಲ್ಲು, ಬೆಳೆಸಾಲದ ಖಾತೆ ಎಲ್ಲವೂ ಗಣಕಯಂತ್ರದಲ್ಲಿವೆ. ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿದ ಮೇಲಂತೂ, ಹಳ್ಳಿಯ ಸಹಕಾರ ಸಂಘಕ್ಕೂ ಗಣಕಯಂತ್ರಕ್ಕೂ ಸಂಬಂಧವಿಲ್ಲ ಎಂದು ಹೇಳುವ ಕಾಲ ಮುಗಿಯಿತೆಂದೇ ತಿಳಿಯಬೇಕು.

ನಷ್ಟ ಎಲ್ಲಿ ಆಗುತ್ತದೆ ಎಂಬುದನ್ನು ಒಂದೇ ಉದಾಹರಣೆಯಿಂದ ನೋಡಬಹುದು. ಸಹಕಾರ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ನಮ್ಮ ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷ ರೂಪಾಯಿಯಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಈ ಶೂನ್ಯ ಬಡ್ಡಿ ಗಡುವಿನೊಳಗೆ ಸಾಲ ತೀರಿಸಿದವರಿಗೆ ಮಾತ್ರ. ಅಡಿಕೆ ಮಾರಿ ಬಂದ ಹಣವನ್ನು ಹಿಡಿದು ಸದಸ್ಯರೊಬ್ಬರು ಗಡುವಿನ ಕೊನೆಯ ದಿನ ಹತ್ತಾರು ಮೈಲಿ ಬಸ್ಸಿನಲ್ಲಿ ಬರುತ್ತಾರೆನ್ನಿ. ಹಿಂದಿನ ರಾತ್ರಿಯೇ ಸರ್ವರ್ ನಿಂತಿದೆ. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆದಾಗ ಗುಮಾಸ್ತರಿಗೆ ತಿಳಿಯುತ್ತದೆ. ದುರಸ್ತಿಯವರು ಪಟ್ಟಣದಿಂದ ಬರುವಾಗ ಸಂಜೆಯಾಗುತ್ತದೆ. ಸಾಲ ತೀರಿಸಲು ಬಂದ ಪ್ರಾಮಾಣಿಕ ಬೆಳೆಗಾರ ಸುಸ್ತಿದಾರರ ಪಟ್ಟಿಗೆ ಸೇರುವ ಪ್ರಸಂಗ ಹೀಗೆ ಒದಗುತ್ತದೆ. ರಾತ್ರಿ ಹತ್ತಕ್ಕೆ ತಿಳಿದಿದ್ದರೆ ಬೆಳಗಿನೊಳಗೆ ಸರಿಪಡಿಸಬಹುದಾಗಿತ್ತು. ನಮ್ಮ ವಾದವೆಲ್ಲ ಈ ಹನ್ನೆರಡು ಗಂಟೆಯ ಅಂತರದ ಮೇಲೆಯೇ ನಿಂತಿದೆ.

ನೂರಕ್ಕೆ ತೊಂಬತ್ತೊಂಬತ್ತು ಪಾಲು ಕೆಲಸ ಮಾಡುತ್ತದೆ ಎಂದು ಯಂತ್ರ ಮಾರುವವರು ಹೇಳಿದಾಗ ನಾವು ತಲೆದೂಗುತ್ತೇವೆ. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 8,760 ಗಂಟೆಗಳು, ಅದರ ನೂರನೆಯ ಒಂದು ಪಾಲು ಎಂದರೆ 87 ಗಂಟೆಗೂ ಹೆಚ್ಚು, ಅಂದರೆ ಮೂರೂವರೆ ದಿನ. ಆ ಮೂರೂವರೆ ದಿನ ಆಟಿ ತಿಂಗಳ ಬಿಡುವಿನಲ್ಲಿ ಬಂದರೆ ಯಾರಿಗೂ ತೊಂದರೆಯಿಲ್ಲ. ಕೊಯ್ಲಿನ ನಡುವೆಯೋ ಗಡುವಿನ ದಿನವೋ ಬಂದರೆ ಅದರ ಬೆಲೆಯೇ ಬೇರೆ.

ವ್ಯವಸ್ಥೆ ಎಂದರೇನು?

ಇದರಲ್ಲಿ ಮಂತ್ರತಂತ್ರವೇನೂ ಇಲ್ಲ. ರಾತ್ರಿ ಕಣದಲ್ಲಿ ಕಾಫಿ ಹರಡಿರುವಾಗ ಕಾವಲುಗಾರನು ಗಂಟೆಗೊಮ್ಮೆ ಸುತ್ತು ಹಾಕುತ್ತಾನಲ್ಲ, ಅದೇ ಕೆಲಸವನ್ನು ಇಲ್ಲಿ ಒಂದು ಗಣಕಯಂತ್ರ ಮಾಡುತ್ತದೆ. ಅದು ನಾಲ್ಕೈದು ನಿಮಿಷಕ್ಕೊಮ್ಮೆ ಪ್ರತಿಯೊಂದು ಯಂತ್ರವನ್ನೂ "ಇದ್ದೀಯಾ?" ಎಂದು ಕೇಳುತ್ತದೆ. ಉತ್ತರ ಬಂದರೆ ಸರಿ. ಅಷ್ಟಕ್ಕೇ ನಿಲ್ಲದೆ, ಖಾತೆಯ ತಂತ್ರಾಂಶ ಕೆಲಸ ಮಾಡುತ್ತಿದೆಯೆ, ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ, ನಿನ್ನೆಯ ಲೆಕ್ಕದ ಪ್ರತಿ ಬೇರೆಡೆ ಉಳಿಸಿದೆಯೆ, ಯುಪಿಎಸ್ ಬ್ಯಾಟರಿಯ ಮೇಲೆ ನಡೆಯುತ್ತಿದೆಯೆ ಎಂಬುದನ್ನೂ ವಿಚಾರಿಸುತ್ತದೆ. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಹೊರಗಿನಿಂದ ಹಸಿರಾಗಿಯೇ ಕಾಣುವಂತೆ, ಡಿಸ್ಕು ತುಂಬುತ್ತಿರುವ ಸರ್ವರ್ ಕೂಡ ನಿಲ್ಲುವ ಕ್ಷಣದವರೆಗೆ ಚೆನ್ನಾಗಿಯೇ ಇದ್ದಂತೆ ಕಾಣುತ್ತದೆ. ತೊಗಟೆಯನ್ನು ನೋಡುವ ಕಣ್ಣು ಬೇಕು.

ಈ ಕೆಲಸ ಮಾಡುವ ತಂತ್ರಾಂಶಗಳಿಗೆ ಹಣ ಕೊಡಲೇಬೇಕೆಂದಿಲ್ಲ. ಅಮೆರಿಕದ ಈಥನ್ ಗಾಲ್‌ಸ್ಟಡ್ ಎಂಬುವರು 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಹೊರತಂದು, 2002ರಲ್ಲಿ ನಾಗಿಯೋಸ್ ಎಂದು ಹೆಸರು ಬದಲಿಸಿದ ತಂತ್ರಾಂಶ ಇಂದಿಗೂ ಬಳಕೆಯಲ್ಲಿದೆ. ಲಾಟ್ವಿಯಾ ದೇಶದಲ್ಲಿ ಹುಟ್ಟಿದ ಜ್ಯಾಬಿಕ್ಸ್ ಇನ್ನೊಂದು. ಎರಡನ್ನೂ ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆದು ಬಳಸಬಹುದು. ಒಳಗಿನ ರಚನೆಯೂ ಮುಕ್ತವಾಗಿದೆ. ಖರ್ಚು ಬರುವುದು ಅದನ್ನು ಕೂರಿಸಲು ಬೇಕಾದ ಒಂದು ಸಾಧಾರಣ ಗಣಕಯಂತ್ರಕ್ಕೆ, ಸಿಮ್ ಕಾರ್ಡು ಹಾಕುವ ಒಂದು ಮೋಡೆಮ್‌ಗೆ, ಮತ್ತು ತಿಳಿದವರ ಒಂದೆರಡು ದಿನದ ಕೂಲಿಗೆ. ಲಕ್ಷಗಟ್ಟಲೆ ದರ ಹೇಳಿಕೊಂಡು ಬರುವವರ ಮುಂದೆ ಮಂಡಳಿಯವರು ಈ ಮಾತನ್ನು ನೆನಪಿಡಬೇಕು.

ಎಸ್‌ಎಂಎಸ್ ಏಕೆ?

ಇಂದು ಎಲ್ಲರ ಕೈಯಲ್ಲೂ ವಾಟ್ಸಾಪ್ ಇರುವಾಗ ಹಳೆಯ ಎಸ್‌ಎಂಎಸ್ ಏಕೆಂದು ತರುಣ ಸದಸ್ಯರು ಕೇಳುತ್ತಾರೆ. ಉತ್ತರ ನಮ್ಮ ಗುಡ್ಡಗಳಲ್ಲೇ ಇದೆ. ವಾಟ್ಸಾಪಿಗೆ ಇಂಟರ್ನೆಟ್ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಕಡಿದಾಗ ಮೊದಲು ಹೋಗುವುದೇ ಅದು. ಇಂಟರ್ನೆಟ್ ಕೆಟ್ಟಿದೆ ಎಂಬ ಸುದ್ದಿಯನ್ನು ಅದೇ ಇಂಟರ್ನೆಟ್ಟಿನ ಮೂಲಕ ಕಳಿಸಲು ಹೊರಡುವುದು, ಸೇತುವೆ ಮುರಿದಿದೆ ಎಂದು ಆಚೆ ದಡಕ್ಕೆ ಹೇಳಲು ಅದೇ ಸೇತುವೆಯ ಮೇಲೆ ಆಳು ಕಳಿಸಿದಂತೆ. ಎಸ್‌ಎಂಎಸ್ ಇಂಟರ್ನೆಟ್ಟನ್ನು ಕೇಳುವುದಿಲ್ಲ. ಮಾತನಾಡಲು ಸಾಲದ ಕ್ಷೀಣ ಸಿಗ್ನಲ್ಲಿನಲ್ಲೂ ಅದು ಎಷ್ಟೋ ಸಲ ದಾಟಿಬರುತ್ತದೆ. ಸಾಧಾರಣ ಕೀಲಿಮಣೆ ಫೋನಿಗೂ ಬರುತ್ತದೆ.

ಇನ್ನೊಂದು ಮಾತೂ ಸ್ವಾರಸ್ಯಕರವಾಗಿದೆ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರ್ ಕಳಿಸಿದ ಕ್ರಿಸ್‌ಮಸ್ ಶುಭಾಶಯವೇ ಪ್ರಪಂಚದ ಮೊದಲ ಎಸ್‌ಎಂಎಸ್. ಅದನ್ನು ಅವರು ಕಳಿಸಿದ್ದು ಗಣಕಯಂತ್ರದಿಂದ, ತಲುಪಿದ್ದು ಫೋನಿಗೆ. ಗಣಕಯಂತ್ರವು ಮನುಷ್ಯನ ಜೇಬಿಗೆ ಸುದ್ದಿ ಕಳಿಸುವುದು ಎಸ್‌ಎಂಎಸ್ಸಿಗೆ ಹುಟ್ಟಿನಿಂದಲೇ ಬಂದ ಕೆಲಸ.

ನಮ್ಮ ಬೆಳೆಗಾರರಿಗೆ ಇದರ ಬೆಲೆ ಬೇರೆಯವರು ಹೇಳಿ ತಿಳಿಯಬೇಕಾದ್ದಲ್ಲ. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ 2011ರಿಂದ, ನಮ್ಮ ಹಾಸನ ಜಿಲ್ಲೆಯ ಕಾಫಿ ಸೀಮೆಯಲ್ಲಿ 2017ರಿಂದ, ಕಾಡಾನೆಗಳು ಎಲ್ಲಿವೆ ಎಂಬುದನ್ನು ಜನರ ಮೊಬೈಲಿಗೆ ತಿಳಿಸುವ ಏರ್ಪಾಡು ನಡೆದಿದೆ. ವಾಲ್ಪಾರೈಯಲ್ಲಿ ಈ ಕೆಲಸಕ್ಕೆ ಮುಂದಾದ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂದಿತು. ಆ ಏರ್ಪಾಡಿನಲ್ಲಿ ಎರಡು ಗುಣಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಆನೆ ಇರುವ ಸುತ್ತಿನವರಿಗೆ ಸುದ್ದಿ ಹೋಗುತ್ತದೆ, ಊರಿಗೆಲ್ಲ ಡಂಗುರ ಹೊಡೆಯುವುದಿಲ್ಲ. ಎರಡನೆಯದಾಗಿ, ಸುದ್ದಿ ಓದಿದವರಿಗೆ ಏನು ಮಾಡಬೇಕೆಂಬುದು ಗೊತ್ತಿದೆ: ಆ ದಾರಿಯಲ್ಲಿ ನಡೆಯಬಾರದು, ಆಳುಗಳನ್ನು ಆ ಬ್ಲಾಕಿಗೆ ಕಳಿಸಬಾರದು. ಒಳ್ಳೆಯ ಎಚ್ಚರಿಕೆಯ ಲಕ್ಷಣ ಇಷ್ಟೇ: ತಕ್ಕವರಿಗೆ ಹೋಗಬೇಕು, ತಕ್ಕ ಕೆಲಸ ಹೇಳಬೇಕು.

ಎಸ್‌ಎಂಎಸ್ಸಿಗೂ ಮಿತಿಗಳಿವೆ. ಇಂಗ್ಲಿಷಿನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರಗಳು. ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಗುಣಿತದ ಚಿಹ್ನೆ, ಒತ್ತು ಎಲ್ಲವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಆದರೂ "ಗೋದಾಮು ರೂಟರ್ ನಿಂತಿದೆ. ರಾತ್ರಿ 9.40. ಯುಪಿಎಸ್ ನೋಡಿ." ಎಂಬಷ್ಟು ಮಾತು ಒಂದೇ ಸಂದೇಶದಲ್ಲಿ ಧಾರಾಳವಾಗಿ ಹಿಡಿಯುತ್ತದೆ. ಎಲ್ಲಿ, ಏನು, ಯಾವಾಗ, ಮೊದಲು ಮಾಡಬೇಕಾದ್ದೇನು ಎಂಬ ನಾಲ್ಕನ್ನೂ ಅದು ಹೇಳುತ್ತದೆ. ಅರ್ಥವಾಗದ ಇಂಗ್ಲಿಷ್ ಸಂಕೇತಗಳ ಸಂದೇಶಕ್ಕಿಂತ ಇದು ಎಷ್ಟೋ ಮೇಲು. ಫೋನು ಆರಿದ್ದರೆ ಅಥವಾ ಸಿಗ್ನಲ್ ಇಲ್ಲದ ಹಳ್ಳದಲ್ಲಿದ್ದರೆ ಸಂದೇಶ ಮೊಬೈಲ್ ಕಂಪೆನಿಯ ಕೇಂದ್ರದಲ್ಲಿ ಕಾದಿದ್ದು ಆಮೇಲೆ ಬರುತ್ತದೆ. ತಲುಪಿಯೇ ತಲುಪುತ್ತದೆಂಬ ಖಾತರಿಯನ್ನು ಯಾರೂ ಕೊಡುವುದಿಲ್ಲ. 4ಜಿ ಮಾತ್ರ ಇರುವ ಕಂಪೆನಿಯ ಸಿಮ್ಮು ಹಳೆಯ 2ಜಿ ಮೋಡೆಮ್‌ನಲ್ಲಿ ಕೆಲಸ ಮಾಡುವುದಿಲ್ಲವೆಂಬುದನ್ನೂ ಕೊಳ್ಳುವ ಮುಂಚೆ ನೋಡಿಕೊಳ್ಳಬೇಕು.

ಸಂದೇಶ ಹೋದರೂ ಕತ್ತಲು ಕವಿದ ದಿನ

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಎಚ್ಚರಿಕೆಯ ಯಂತ್ರವಿದ್ದರೆ ಸಾಕು, ಎಲ್ಲವೂ ಸರಿಹೋಗುತ್ತದೆ ಎಂದು ನಂಬುವವರು 2003ರ ಆಗಸ್ಟ್ 14ರಂದು ಅಮೆರಿಕದಲ್ಲಿ ನಡೆದುದನ್ನು ತಿಳಿಯಬೇಕು. ಅಂದು ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡಾದ ಒಂಟಾರಿಯೊದಲ್ಲಿಯೂ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ನಿಂತುಹೋಯಿತು. ಎರಡೂ ಸರ್ಕಾರಗಳು ಕೂಡಿ ವಿಚಾರಣೆ ನಡೆಸಿ ವರದಿ ಹೊರಡಿಸಿದವು.

ಅದರ ಮೂಲ ಕಾರಣ ಕೇಳಿದರೆ ನಮ್ಮ ಮಲೆನಾಡಿನವರಿಗೆ ಆಶ್ಚರ್ಯವಾಗಲಾರದು. ಒಹಾಯೊ ರಾಜ್ಯದಲ್ಲಿ ಫಸ್ಟ್‌ಎನರ್ಜಿ ಎಂಬ ಕಂಪೆನಿಯ ದೊಡ್ಡ ತಂತಿಗಳು ಜಗ್ಗಿ, ಸಕಾಲದಲ್ಲಿ ಸವರದೆ ಬಿಟ್ಟಿದ್ದ ಮರಗಳಿಗೆ ತಗುಲಿದವು. ಆದರೆ ಒಂದು ತಂತಿ ಮರಕ್ಕೆ ತಗುಲಿದ್ದರಿಂದಲೇ ಅರ್ಧ ದೇಶ ಕತ್ತಲಾಗಬೇಕಿರಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಕೊಡುವ ತಂತ್ರಾಂಶವು ಮಧ್ಯಾಹ್ನ 2 ಗಂಟೆ 14 ನಿಮಿಷಕ್ಕೇ ಸದ್ದಿಲ್ಲದೆ ನಿಂತುಹೋಗಿತ್ತು. ಗಂಟೆ ಬಾರಿಸಲಿಲ್ಲ, ದೀಪ ಹೊತ್ತಲಿಲ್ಲ. ಕೊಠಡಿಯಲ್ಲಿದ್ದವರು, ಎಚ್ಚರಿಕೆ ಬಂದಿಲ್ಲವಾದ್ದರಿಂದ ಎಲ್ಲವೂ ಸುಸೂತ್ರವಾಗಿದೆ ಎಂದು ಭಾವಿಸಿದರು. ಒಂದರ ಹಿಂದೊಂದು ತಂತಿ ಕಳಚುತ್ತಿದ್ದರೂ ಅವರ ಪರದೆಯ ಮೇಲೆ ಶಾಂತಿಯೇ ಇತ್ತು.

ಇನ್ನೂ ಮುಖ್ಯವಾದ ಮಾತು ಮುಂದಿದೆ. ಸ್ವಲ್ಪ ಹೊತ್ತಿನಲ್ಲಿ ಆ ತಂತ್ರಾಂಶ ನಡೆಯುತ್ತಿದ್ದ ಸರ್ವರೇ ಬಿದ್ದಿತು. ಅದರ ಬದಲಿ ಸರ್ವರೂ ಬಿದ್ದಿತು. ಆಗ ಕಂಪೆನಿಯ ಗಣಕ ವಿಭಾಗದವರಿಗೆ ಪೇಜರ್ ಮೂಲಕ ತಾನೇತಾನಾಗಿ ಸೂಚನೆ ಹೋಯಿತು. ಅವರು ಸರ್ವರನ್ನು ಪುನಃ ಚಾಲೂ ಮಾಡಿದರು. ಆದರೆ ಎಚ್ಚರಿಕೆಯ ಕೆಲಸ ಮರಳಿ ನಡೆಯುತ್ತಿದೆಯೆ ಎಂದು ನಿಯಂತ್ರಣ ಕೊಠಡಿಯವರನ್ನು ಕೇಳಿ ಖಚಿತ ಮಾಡಿಕೊಳ್ಳಲಿಲ್ಲ. ಕೊಠಡಿಯವರಿಗಂತೂ ತಮ್ಮ ಎಚ್ಚರಿಕೆಯ ಯಂತ್ರ ಸತ್ತಿದೆ ಎಂಬುದೇ ತಿಳಿದಿರಲಿಲ್ಲ. ಸಂಜೆ ನಾಲ್ಕೂಕಾಲರೊಳಗೆ ನ್ಯೂಯಾರ್ಕಿನವರೆಗೂ ಕತ್ತಲಾಯಿತು.

ಸಂದೇಶ ಹೋಗಬೇಕಾದವರಿಗೆ ಹೋಯಿತು. ಅವರು ತಮಗೆ ತಿಳಿದ ಕೆಲಸವನ್ನು ಮಾಡಿದರು. ಆದರೂ ಅನಾಹುತ ತಪ್ಪಲಿಲ್ಲ. ಏಕೆಂದರೆ ಯಂತ್ರವನ್ನು ಎಬ್ಬಿಸುವುದು ಯಾರ ಕೆಲಸವೆಂದು ನಿಶ್ಚಯವಾಗಿತ್ತು, ಆ ಯಂತ್ರವನ್ನು ನಂಬಿ ಕುಳಿತವರಿಗೆ ಹೇಳುವುದು ಯಾರ ಕೆಲಸವೆಂದು ಸ್ಪಷ್ಟವಾಗಿರಲಿಲ್ಲ. ಕೋಟ್ಯಂತರ ಡಾಲರಿನ ಕಂಪೆನಿಗೆ ಒದಗಿದ ಈ ಗತಿ ನಮ್ಮ ಸಂಘಕ್ಕೆ ಒದಗಬಾರದಾದರೆ, ಯಂತ್ರ ಕೂರಿಸುವ ಮುಂಚೆ ನಾಲ್ಕು ನಿಯಮಗಳನ್ನು ನಾವು ಒಪ್ಪಿಕೊಳ್ಳಬೇಕು.

ಮೊದಲನೆಯ ನಿಯಮ: ಸಂದೇಶ ಕಡಿಮೆಯಿರಲಿ

"ಹುಲಿ ಬಂತು ಹುಲಿ" ಎಂದು ಕೂಗಿದ ದನಗಾಹಿ ಹುಡುಗನ ಕಥೆಯನ್ನು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ದಿನಕ್ಕೆ ನಲವತ್ತು ಸಂದೇಶ ಬರುವ ಫೋನನ್ನು ಮೂರನೆಯ ದಿನ ಯಾರೂ ನೋಡುವುದಿಲ್ಲ. ಆದ್ದರಿಂದ ಎದ್ದು ಕೆಲಸ ಮಾಡಲೇಬೇಕಾದ ವಿಷಯಕ್ಕೆ ಮಾತ್ರ ರಾತ್ರಿ ಸಂದೇಶ ಹೋಗಬೇಕು. ಮಿಕ್ಕಿದ್ದನ್ನು ಬೆಳಗ್ಗೆ ಕಚೇರಿಯ ಪರದೆಯಲ್ಲಿ ನೋಡಿದರೆ ಸಾಕು.

ಇದಕ್ಕೆ ಬೇಕಾದ ಉಪಾಯಗಳು ಆ ತಂತ್ರಾಂಶಗಳಲ್ಲೇ ಇವೆ. ಕರೆಂಟು ಕಣ್ಣು ಮಿಟುಕಿಸಿದಾಗಲೆಲ್ಲ ಕೂಗದೆ, ಮೂರು ಸಲ ಕೇಳಿ ಮೂರು ಸಲವೂ ಉತ್ತರ ಬಾರದಿದ್ದರೆ ಮಾತ್ರ ಸಂದೇಶ ಕಳಿಸುವಂತೆ ಮಾಡಬಹುದು. ಶಾಖೆಯ ರೂಟರ್ ನಿಂತರೆ ಅದರ ಹಿಂದಿರುವ ಐದು ಯಂತ್ರಗಳೂ ಉತ್ತರ ಕೊಡುವುದಿಲ್ಲ; ಆಗ ಆರು ಸಂದೇಶ ಕಳಿಸದೆ, ರೂಟರ್ ನಿಂತಿದೆ ಎಂದು ಒಂದೇ ಸಂದೇಶ ಕಳಿಸುವಂತೆ ಯಂತ್ರಗಳ ಸಂಬಂಧವನ್ನು ಮೊದಲೇ ಬರೆದಿಡಬಹುದು. ದುರಸ್ತಿಗೆಂದು ನಾವೇ ನಿಲ್ಲಿಸಿದ ಹೊತ್ತಿನಲ್ಲಿ ಸುಮ್ಮನಿರು ಎಂದೂ ಹೇಳಬಹುದು.

ದೋಷ ನಮ್ಮಲ್ಲಿದೆಯೋ ಹೊರಗಿದೆಯೋ ಎಂದು ತಿಳಿಯುವುದೂ ಇದರಲ್ಲಿ ಸೇರಿದೆ. 2024ರ ಜುಲೈ 31ರಂದು, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ಸೈಬರ್ ದಾಳಿಯಾದಾಗ, ರಾಷ್ಟ್ರೀಯ ಪಾವತಿ ನಿಗಮವು ಮುನ್ನೆಚ್ಚರಿಕೆಯಾಗಿ ಆ ಸಂಸ್ಥೆಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿಯಿತು. ಮರುದಿನ ಪುನಃ ಕೊಟ್ಟಿತು. ಅಂಥ ದಿನ ಗುಮಾಸ್ತರು ನಮ್ಮ ರೂಟರನ್ನು ಹತ್ತು ಸಲ ಆರಿಸಿ ಹಚ್ಚಿದರೂ ಫಲವಿಲ್ಲ. ಮನೆಯ ಯಂತ್ರಗಳೆಲ್ಲ ಸರಿಯಿವೆ, ತೊಂದರೆ ಹೊರಗಿದೆ ಎಂದು ಐದು ನಿಮಿಷದಲ್ಲಿ ತಿಳಿದರೆ ಸದಸ್ಯರಿಗೆ ನಿಜ ಹೇಳಿ ಕಳಿಸಬಹುದು.

ಎರಡನೆಯ ನಿಯಮ: ಮೌನವನ್ನು ಕ್ಷೇಮವೆಂದು ತಿಳಿಯಬಾರದು

ಒಹಾಯೊದ ಪಾಠ ಇದೇ. ನಾಯಿ ಬೊಗಳಲಿಲ್ಲವೆಂದರೆ ಕಳ್ಳ ಬಂದಿಲ್ಲವೆಂದು ಅರ್ಥವಲ್ಲ, ನಾಯಿಯೇ ಇಲ್ಲದಿರಬಹುದು. ಸಿಮ್ಮಿನ ಹಣ ಮುಗಿದಿರಬಹುದು, ಮೋಡೆಮ್ ಸುಟ್ಟಿರಬಹುದು, ಕಾವಲಿನ ಗಣಕಯಂತ್ರವೇ ಮಲಗಿರಬಹುದು. ಆದ್ದರಿಂದ ಪ್ರತಿದಿನ ಬೆಳಗ್ಗೆ ಏಳಕ್ಕೆ "ಕಾವಲು ಎಚ್ಚರವಾಗಿದೆ" ಎಂಬ ಒಂದು ಸಂದೇಶ ಬರಬೇಕು. ಅದನ್ನು ಪಡೆದವರು ಕಚೇರಿಯ ಹಾಜರಿ ಪುಸ್ತಕದ ಪಕ್ಕದಲ್ಲೇ ಒಂದು ವಹಿಯಲ್ಲಿ ಸಮಯ ಬರೆದು ರುಜು ಮಾಡಬೇಕು. ಆ ಸಂದೇಶ ಬಾರದ ದಿನ, ಬಾರದಿರುವುದೇ ದೊಡ್ಡ ಎಚ್ಚರಿಕೆ. ತಿಂಗಳಿಗೊಮ್ಮೆ ಬೇಕೆಂದೇ ಒಂದು ಯಂತ್ರದ ತಂತಿ ಕಿತ್ತು, ಎಷ್ಟು ನಿಮಿಷದಲ್ಲಿ ಸಂದೇಶ ಬಂದಿತೆಂದು ನೋಡಬೇಕು. ಸ್ಪ್ರೇಯರನ್ನು ಕೊಳೆರೋಗ ಬಂದ ಮೇಲೆ ಹೊರಗೆ ತೆಗೆದು ನೋಡುವ ಬೆಳೆಗಾರನನ್ನು ಯಾರೂ ಜಾಣನೆನ್ನುವುದಿಲ್ಲ.

ಮೂರನೆಯ ನಿಯಮ: ಕಾವಲು ಮನೆಯ ಹೊರಗೂ ಇರಲಿ

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕೂ ವಾಟ್ಸಾಪೂ ಸುಮಾರು ಆರು ಗಂಟೆ ಕಾಲ ಪ್ರಪಂಚದಾದ್ಯಂತ ನಿಂತುದು ಅನೇಕರಿಗೆ ನೆನಪಿರಬಹುದು. ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಆ ಕಂಪೆನಿಯ ಒಳಜಾಲವೇ ಕಡಿದುಹೋಯಿತು. ದೋಷ ಹುಡುಕಲು ಎಂಜಿನಿಯರುಗಳು ಬಳಸುತ್ತಿದ್ದ ಸಾಧನಗಳೂ ಅದೇ ಜಾಲವನ್ನು ನಂಬಿದ್ದರಿಂದ ಅವೂ ಕೈಕೊಟ್ಟವು. ಯಂತ್ರಗಳಿದ್ದ ಕಟ್ಟಡದೊಳಗೆ ಹೋಗಿ ಕೈಯಾರೆ ಸರಿಪಡಿಸಲು ಬಹಳ ಹೊತ್ತು ಹಿಡಿಯಿತು. ಕೆಟ್ಟು ಹೋಗುವ ಮನೆಯೊಳಗೇ ಕಾವಲುಗಾರನನ್ನೂ ಕೀಲಿಕೈಯನ್ನೂ ಇಟ್ಟರೆ ಆಗುವುದು ಹೀಗೆಯೇ.

ನಮ್ಮ ಕಾವಲು ಯಂತ್ರವೂ ಕಚೇರಿಯಲ್ಲೇ ಇದ್ದು, ಸಿಡಿಲಿಗೆ ಕಚೇರಿಯ ಯಂತ್ರಗಳೆಲ್ಲ ಒಟ್ಟಿಗೆ ಸುಟ್ಟರೆ ಸಂದೇಶ ಕಳಿಸಲು ಯಾರೂ ಉಳಿಯುವುದಿಲ್ಲ. ಇದಕ್ಕೆ ನಮ್ಮ ಸಲಹೆ ಹೊಸದಲ್ಲ, ಮಲೆನಾಡಿನ ಮುಯ್ಯಾಳಿನಷ್ಟೇ ಹಳೆಯದು. ನೆರೆಯ ಸಂಘದ ಯಂತ್ರ ನಮ್ಮದನ್ನು ನೋಡಲಿ. ನಮ್ಮದು ಅವರದನ್ನು ನೋಡಲಿ. ನೋಡುವುದೆಂದರೆ ಲೆಕ್ಕಪುಸ್ತಕವನ್ನು ಇಣುಕುವುದಲ್ಲ, ಬದುಕಿದೆಯೇ ಎಂದು ಹೊರಗಿನಿಂದ ಬಾಗಿಲು ತಟ್ಟುವುದಷ್ಟೇ. ಗುಟ್ಟು ಹೊರಹೋಗುವ ಭಯವಿಲ್ಲ. ಸಹಕಾರ ಸಂಘಗಳ ನಡುವೆ ಸಹಕಾರವಿರಬೇಕೆಂಬುದು ಸಹಕಾರದ ಏಳು ತತ್ವಗಳಲ್ಲಿ ಆರನೆಯದು. ಸಪ್ತಾಹದ ಭಾಷಣಗಳಲ್ಲಿ ಅದನ್ನು ಹೇಳುತ್ತಲೇ ಬಂದಿದ್ದೇವೆ. ಖರ್ಚಿಲ್ಲದೆ ಆಚರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು.

ನಾಲ್ಕನೆಯ ನಿಯಮ: ಏಳುವವರಿಗೆ ಹೆಸರಿರಲಿ, ಅಧಿಕಾರವಿರಲಿ, ಭತ್ಯೆಯಿರಲಿ

ಸಂದೇಶ ಎಲ್ಲರಿಗೂ ಬರಲಿ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ. ಹದಿನೈದು ಜನರಿಗೆ ಹೇಳಿದ ಕೆಲಸ ಯಾರಿಗೂ ಹೇಳದ ಕೆಲಸವೇ. ಇನ್ನೊಬ್ಬರು ನೋಡಿಕೊಳ್ಳುತ್ತಾರೆಂದು ಪ್ರತಿಯೊಬ್ಬರೂ ಮಗ್ಗುಲು ಬದಲಿಸುತ್ತಾರೆ. ಈ ವಾರ ಇಂಥವರು, ಮುಂದಿನ ವಾರ ಇಂಥವರು ಎಂದು ಹೆಸರು ಬರೆದು ಗೋಡೆಗೆ ಹಚ್ಚಬೇಕು. ಅವರು ಸಂದೇಶ ನೋಡಿದೆನೆಂದು ತಿಳಿಸಬೇಕು. ಇಪ್ಪತ್ತು ನಿಮಿಷದೊಳಗೆ ತಿಳಿಸದಿದ್ದರೆ ಎರಡನೆಯವರಿಗೆ, ಅವರೂ ಏಳದಿದ್ದರೆ ಕಾರ್ಯದರ್ಶಿಗೆ ಸಂದೇಶ ಹೋಗಬೇಕು. ಸರಿಪಡಿಸಿದ ಮೇಲೆ ಕೆಲಸ ನಿಜವಾಗಿ ನಡೆಯುತ್ತಿದೆಯೇ ಎಂದು ಗೋದಾಮಿನವರನ್ನೂ ಶಾಖೆಯವರನ್ನೂ ಕೇಳಿ ವಹಿಯಲ್ಲಿ ಬರೆಯುವುದೂ ಅವರ ಕರ್ತವ್ಯವಾಗಬೇಕು. ಒಹಾಯೊದಲ್ಲಿ ತಪ್ಪಿದ್ದು ಈ ಕೊನೆಯ ಮೆಟ್ಟಿಲೇ.

ಎದ್ದವರ ಕೈಯಲ್ಲಿ ಏನಿದೆ ಎಂಬುದೂ ಅಷ್ಟೇ ಮುಖ್ಯ. ಕಚೇರಿಯ ಬೀಗದ ಕೈ, ಜನರೇಟರಿಗೆ ಡೀಸೆಲ್, ಮೊಹರು ಮಾಡಿದ ಲಕೋಟೆಯಲ್ಲಿ ಪಾಸ್‌ವರ್ಡ್, ದುರಸ್ತಿಯವರನ್ನು ಅಧ್ಯಕ್ಷರ ಅನುಮತಿಗೆ ಕಾಯದೆ ಕರೆಸುವ ಅಧಿಕಾರ ಇವಿಷ್ಟೂ ಇಲ್ಲದವರನ್ನು ಎಬ್ಬಿಸಿದರೆ ಅವರ ನಿದ್ರೆ ಕೆಡಿಸಿದ ಪುಣ್ಯ ಮಾತ್ರ ನಮಗೆ.

ಇನ್ನು ಭತ್ಯೆಯ ಮಾತು. ಇದನ್ನು ಮಂಡಳಿಯಲ್ಲಿ ಎತ್ತಿದಾಗ ಕೆಲವರಿಗೆ ಹಿಡಿಸಲಿಲ್ಲವೆಂದು ಗೊತ್ತಿದೆ. ಆದರೂ ಹೇಳುವುದು ಅವಶ್ಯ. ಸಂಘದ ಗಣಕಯಂತ್ರ ನೋಡಿಕೊಳ್ಳುವ ಹುಡುಗ ಹುಡುಗಿಯರು ಪದವಿ ಓದಿದವರು, ಸಂಬಳ ಹೆಚ್ಚೇನಿಲ್ಲ. ಅವರ ಸ್ವಂತ ಫೋನಿಗೆ ರಾತ್ರಿ ಸಂದೇಶ ಬರುವಂತೆ ಮಾಡಿ, "ನೋಡಿಕೋ" ಎಂದಷ್ಟೇ ಹೇಳಿದರೆ, ಹಗಲಿನ ಕೆಲಸದ ಸಂಬಳಕ್ಕೆ ರಾತ್ರಿಯನ್ನೂ ಪುಕ್ಕಟೆಯಾಗಿ ಕೊಂಡಂತಾಗುತ್ತದೆ. ಕಣ ಕಾಯುವವನಿಗೆ ರಾತ್ರಿಯ ಕೂಲಿ ಕೊಡದ ಬೆಳೆಗಾರರು ನಮ್ಮಲ್ಲಿ ಯಾರೂ ಇಲ್ಲ. ಕಾವಲಿನವನು ರಾತ್ರಿಯೆಲ್ಲ ಏನೂ ಆಗದೆ ಬೆಳಗು ಮಾಡಿದರೂ ಕೂಲಿ ಕೊಡುತ್ತೇವೆ. ಕಳ್ಳ ಬಂದ ರಾತ್ರಿಗೆ ಮಾತ್ರ ಕೊಡುತ್ತೇನೆ ಎನ್ನುವುದಿಲ್ಲ. ಅದೇ ನ್ಯಾಯ ಇಲ್ಲಿಯೂ ಸಲ್ಲಬೇಕು. ಸರದಿಯ ವಾರಕ್ಕೆ ನಿಗದಿಯಾದ ಭತ್ಯೆ, ಅದಕ್ಕೆಂದೇ ಸಂಘದ ಒಂದು ಫೋನು, ನಡುರಾತ್ರಿ ಎದ್ದು ಕೆಲಸ ಮಾಡಿದ ಮರುದಿನ ಬೆಳಗಿನ ಬಿಡುವು ಇವನ್ನು ನಿರ್ಣಯದಲ್ಲೇ ಸೇರಿಸಬೇಕು. ಭತ್ಯೆ ಕೊಡಲು ಸಂಘಕ್ಕೆ ಶಕ್ತಿಯಿಲ್ಲವೆಂದರೆ ರಾತ್ರಿ ಸಂದೇಶವನ್ನೇ ನಿಲ್ಲಿಸಿ, ಬೆಳಗ್ಗೆ ಆರಕ್ಕೆ ಕಳಿಸುವಂತೆ ಮಾಡುವುದು ಪ್ರಾಮಾಣಿಕ ಮಾರ್ಗ.

ಸದಸ್ಯರಿಗೂ ಸುದ್ದಿ ಬರಲಿ

ಗಡುವಿನ ದಿನಗಳಲ್ಲಿ ಸೇವೆ ನಿಂತಿದ್ದರೆ ಸದಸ್ಯರಿಗೂ ಒಂದು ಸಂದೇಶ ಹೋಗುವುದು ಅಪೇಕ್ಷಣೀಯ. ಬಸ್ಸು ಹತ್ತುವ ಮುಂಚೆ ತಿಳಿದರೆ ಒಂದು ದಿನದ ಕೆಲಸ ಉಳಿಯುತ್ತದೆ. ಆದರೆ ನೂರಾರು ಜನರಿಗೆ ಸಂಸ್ಥೆಯ ಹೆಸರಿನಲ್ಲಿ ಸಂದೇಶ ಕಳಿಸಲು ಮೋಡೆಮ್ ಸಾಲದು. ದೂರಸಂಪರ್ಕ ಪ್ರಾಧಿಕಾರದ 2018ರ ನಿಬಂಧನೆಗಳ ಪ್ರಕಾರ ಸಂಘದ ಹೆಸರನ್ನೂ ಸಂದೇಶದ ಮಾದರಿಯನ್ನೂ ಡಿಎಲ್‌ಟಿ ಎಂಬ ದಾಖಲೆ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಗಡುವು ಹತ್ತಿರ ಬಂದಾಗ ಓಡಾಡಿದರೆ ಆಗದು.

ಒಂದು ಎಚ್ಚರಿಕೆಯ ಮಾತು ಎಲ್ಲರಿಗೂ. ಸಂಘದ ಸಂದೇಶದಲ್ಲಿ ಒತ್ತಬೇಕಾದ ಕೊಂಡಿ ಇರಕೂಡದು, ಒಟಿಪಿ ಕೇಳಕೂಡದು. ಹಾಗೆ ಕೇಳುವ ಸಂದೇಶ ಸಂಘದ ಹೆಸರಿನಲ್ಲಿ ಬಂದರೂ ಅದು ಸಂಘದ್ದಲ್ಲವೆಂದು ತಿಳಿದು ಅಳಿಸಿಬಿಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮಗೆ ಅನ್ವಯಿಸಬಾರದು. ಹಾಗೆಯೇ, ಬಾಗಿಲು ಮಾಡಿಸಿ ಅಗಳಿ ಹಾಕುವವರನ್ನು ನೇಮಿಸಲಿಲ್ಲ ಎಂಬ ಮಾತೂ ಬರಬಾರದು. ಯಂತ್ರಕ್ಕೆ ಹಣ ಮಂಜೂರು ಮಾಡುವ ನಿರ್ಣಯವನ್ನೂ, ಸರದಿ, ಅಧಿಕಾರ, ಭತ್ಯೆಗಳ ನಿರ್ಣಯವನ್ನೂ ಮಹಾಸಭೆ ಒಂದೇ ಕಾಗದದಲ್ಲಿ ಅಂಗೀಕರಿಸಬೇಕು; ಮೊದಲನೆಯದು ಮಾತ್ರ ಬಂದರೆ ಸದಸ್ಯರು ಅದನ್ನು ತಡೆಹಿಡಿಯಬೇಕು ಎಂದೇ ನಮ್ಮ ಖಚಿತ ಅಭಿಪ್ರಾಯ.

ಇದಕ್ಕೆ ವಿರುದ್ಧವಾದ ಅಭಿಪ್ರಾಯವುಳ್ಳವರು ದಯಮಾಡಿ ಬರೆದು ಕಳಿಸಬೇಕೆಂದು ಕೋರುತ್ತೇವೆ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಗಣಕಯಂತ್ರದ ವಿಷಯ ನಮಗೇನು ತಿಳಿಯುತ್ತದೆ ಎಂದು ಹಿರಿಯ ಸದಸ್ಯರು ಸುಮ್ಮನಿರಬಾರದು. ಇದು ಕಾವಲಿನ ವಿಷಯ. ರಾತ್ರಿ ಕಣ ಕಾಯಿಸಿದ ಅನುಭವ ಇದ್ದವರಿಗೆಲ್ಲ ಇದರಲ್ಲಿ ಹೇಳುವ ಮಾತಿದೆ.

ಕಾರ್ಯದರ್ಶಿ